ಮಣ್ಣಿಗೆ ಕಿವಿಗೊಟ್ಟ ಸಿನಿಮಾ

ಓರೆಯಾಗಿ ನಿಲ್ಲಿಸಿದ ಹಲಗೆಗೆ ಒಬ್ಬ ಬೆನ್ನು ಆನಿಸಿದ್ದಾನೆ. ಎರಡೂ ಕಾಲು ಎದುರಿನ ಮಣ್ಣಿನ ಗೋಡೆಯತ್ತ. ಗುದ್ದಲಿ ಬೀಸುವ ಹಾಗಿಲ್ಲ, ಸದ್ದಾಗುತ್ತದೆ. ಪಾದಗಳಡಿ ಒಂದು ಕಿರಿದಾದ ಸನಿಕೆ. ಎರಡೂ ಕಾಲು ಕೂಡಿಸಿ ಒತ್ತಿ ಒದ್ದರೆ ಅದು ಜೇಡಿಯೊಳಗೆ ಇಳಿಯುತ್ತದೆ, ತುಸು ಮೀಟಿದರೆ ಒಂದು ಹೆಂಟೆ ಕಳಚುತ್ತದೆ. ಪಕ್ಕದವನು ಅದನ್ನು ಎತ್ತಿ ಚೀಲಕ್ಕೆ ತುಂಬುತ್ತಾನೆ. ಮಾತಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು. ‘ಕ್ಲೇ ಕಿಕಿಂಗ್’ ಎಂಬ ಈ ವಿದ್ಯೆ ಇಂಗ್ಲೆಂಡಿನಲ್ಲಿ ಒಳಚರಂಡಿ ತೋಡುತ್ತಿದ್ದ ಕೂಲಿಕಾರರದ್ದು. ಮೊದಲ ಮಹಾಯುದ್ಧದಲ್ಲಿ ಜಾನ್ ನಾರ್ಟನ್-ಗ್ರಿಫಿತ್ಸ್ ಎಂಬ ಗುತ್ತಿಗೆದಾರ ಶತ್ರುವಿನ ಕಂದಕಗಳ ಕೆಳಗೆ ಸುರಂಗ ತೋಡಿ ಮದ್ದಿಡಲು ಅವರನ್ನೇ ರಣರಂಗಕ್ಕೆ ಕರೆದೊಯ್ದ.

ಕತ್ತಲು, ಮೌನ, ಮಲಗಿದಲ್ಲೇ ಕೆಲಸ. ಸಿನಿಮಾ ಮಾಡುವವನಿಗೆ ಇದಕ್ಕಿಂತ ಒಗ್ಗದ ವಸ್ತು ಇನ್ನೊಂದಿರಲಾರದು. ಜೆರೆಮಿ ಸಿಮ್ಸ್ ನಿರ್ದೇಶಿಸಿದ ಆಸ್ಟ್ರೇಲಿಯಾದ ಚಿತ್ರ ‘ಬಿನೀತ್ ಹಿಲ್ 60’ (2010) ಈ ಒಗ್ಗದ ವಸ್ತುವಿನ ಜೊತೆ ಎಲ್ಲಿ ಹೆಣಗಾಡುತ್ತದೋ ಅಲ್ಲೆಲ್ಲ ಗೆದ್ದಿದೆ. ಅದರಿಂದ ತಪ್ಪಿಸಿಕೊಂಡು ಮೇಲೆ ಬಂದಾಗ ಸೋತಿದೆ.

ಹಿಲ್ 60 ಅನ್ನು ಗುಡ್ಡ ಎನ್ನುವುದೇ ದೊಡ್ಡ ಮಾತು. ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ರೈಲುಹಳಿಗೆಂದು ಅಗೆದು ಸುರಿದ ಮಣ್ಣಿನ ದಿಬ್ಬ ಅದು. ಸಮುದ್ರಮಟ್ಟದಿಂದ 60 ಮೀಟರ್ ಎತ್ತರ, ಹೆಸರು ಬಂದದ್ದೂ ಅದರಿಂದಲೇ. ಚಪ್ಪಟೆ ನೆಲದಲ್ಲಿ ಅಷ್ಟು ಎತ್ತರವಿದ್ದರೆ ಶತ್ರುವಿನ ಅಂಗಳವೆಲ್ಲ ಕಾಣುತ್ತದೆ. ಮೇಲಿನಿಂದ ಹಿಡಿಯಲಾಗದ್ದನ್ನು ಬುಡದಿಂದ ಹಾರಿಸುವ ಈ ಚಟಕ್ಕೆ ನಮ್ಮವರ ನೆತ್ತರೂ ಅಂಟಿದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. 1914ರ ಡಿಸೆಂಬರ್ 20ರಂದು ಫ್ರಾನ್ಸಿನ ಗಿವಾಂಶಿ ಬಳಿ ಜರ್ಮನ್ನರು ಹತ್ತು ಸಣ್ಣ ಸುರಂಗ ಮದ್ದುಗಳನ್ನು ಸಿಡಿಸಿದ್ದು ಭಾರತೀಯ ಸೈನಿಕರ ಕಂದಕಗಳ ಕೆಳಗೆ. ಆ ಪೆಟ್ಟಿನ ನಂತರವೇ, 1915ರ ಆರಂಭದಲ್ಲಿ, ಬ್ರಿಟಿಷರು ಸುರಂಗ ತೋಡುವ ಪ್ರತ್ಯೇಕ ಸೇನಾ ಕಂಪನಿಗಳನ್ನು ಕಟ್ಟಿದರು.

ಚಿತ್ರದ ನಾಯಕ ಆಲಿವರ್ ವುಡ್‌ವರ್ಡ್ ನಿಜವಾಗಿ ಬದುಕಿದ್ದವನು. ಕ್ವೀನ್ಸ್‌ಲ್ಯಾಂಡಿನ ಗಣಿ ಎಂಜಿನಿಯರ್. ಬ್ರೆಂಡನ್ ಕೊವೆಲ್ ಅವನನ್ನು ವೀರನನ್ನಾಗಿ ಮಾಡದೆ, ಲೆಕ್ಕಾಚಾರದ ಮನುಷ್ಯನನ್ನಾಗಿ ಆಡಿದ್ದಾನೆ. ಗಣಿ ಎಂದರೆ ‘ಕೆಜಿಎಫ್’ನಂತೆ ನಾಯಕ ಎದ್ದು ನಿಲ್ಲುವ ಭವ್ಯ ರಂಗವೆಂದುಕೊಂಡವರಿಗೆ ಇದು ಸಪ್ಪೆ ಎನಿಸೀತು. ಇಲ್ಲಿ ಯಾರೂ ನೆಟ್ಟಗೆ ನಿಲ್ಲುವುದೇ ಅಪರೂಪ.

ನನಗೆ ಮುಖ್ಯವಾಗಿ ಕಂಡದ್ದು ಆಸ್ಟ್ರೇಲಿಯನ್ನರ ಕೆಲಸದ ಸ್ವರೂಪ. ಹಿಲ್ 60ರ ಕೆಳಗೆ ಮದ್ದು ತುಂಬಿದವರು ಅವರಲ್ಲ, ಅವರಿಗಿಂತ ಮೊದಲು ಅಲ್ಲಿದ್ದ ಕೆನಡಾದವರು. ಪಕ್ಕದ ‘ಕ್ಯಾಟರ್‌ಪಿಲ್ಲರ್’ ದಿಬ್ಬದ ಕೆಳಗಿನದೂ ಸೇರಿ ಎರಡು ಕಡೆ ಒಟ್ಟು ಸುಮಾರು 56 ಟನ್ ಸ್ಫೋಟಕ. 1916ರ ನವೆಂಬರಿನಲ್ಲಿ ಬಂದ ಆಸ್ಟ್ರೇಲಿಯಾದ ಮೊದಲನೇ ಸುರಂಗ ಕಂಪನಿಗೆ ಸಿಕ್ಕಿದ್ದು ಕಾವಲು. ಮದ್ದು ನೆನೆಯದಂತೆ, ತಂತಿ ಕಡಿಯದಂತೆ, ಜರ್ಮನ್ನರ ಸುರಂಗ ಅದಕ್ಕೆ ತಗುಲದಂತೆ ಏಳು ತಿಂಗಳು ಕಾಯುವುದು. ಕಾಯುವ ಸಾಧನ ಕಿವಿ. ಜಿಯೋಫೋನಿನ ಎರಡು ಬಿಲ್ಲೆಗಳನ್ನು ನೆಲಕ್ಕೊತ್ತಿ, ಅವುಗಳಿಂದ ಬಂದ ಕೊಳವೆಗಳನ್ನು ವೈದ್ಯರ ಸ್ಟೆತಸ್ಕೋಪಿನಂತೆ ಕಿವಿಗೆ ಸಿಕ್ಕಿಸಿಕೊಳ್ಳಬೇಕು. ಎರಡೂ ಕಿವಿಗೆ ಸದ್ದು ಸಮವಾಗಿ ಬೀಳುವ ತನಕ ಬಿಲ್ಲೆಗಳನ್ನು ಸರಿಸಿದರೆ ಅಗೆಯುವವನಿರುವ ದಿಕ್ಕು ಸಿಗುತ್ತದೆ. ಸದ್ದು ನಿಂತಿತೆಂದರೆ ಇನ್ನೂ ಭಯ: ಅಗೆತ ಮುಗಿಸಿ ಅವನು ಮದ್ದು ತುಂಬುತ್ತಿರಬಹುದು.

ಈ ಭಯವನ್ನು ಚಿತ್ರ ಚೆನ್ನಾಗಿ ಹಿಡಿದಿದೆ. ಮೊದಲ ಸಲ ನಾನು ಇದನ್ನು ನೋಡಿದ್ದು ಟೀವಿಯಲ್ಲಿ, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದಾಗ. ಸಾಧಾರಣ ಯುದ್ಧಚಿತ್ರ ಎನಿಸಿ ಎದ್ದುಬಿಟ್ಟೆ. ಎರಡನೇ ಸಲ ರಾತ್ರಿ ಇಯರ್‌ಫೋನ್ ಹಾಕಿ ನೋಡಿದೆ. ಬೇರೆಯೇ ಚಿತ್ರ! ನೀರು ತೊಟ್ಟಿಕ್ಕುವುದು, ಆಸರೆಯ ಮರ ನರಳುವುದು, ಗೋಡೆಗೆ ಕಿವಿಯೊಡ್ಡಿ ಕೂತ ಟಿಫಿನ್ ಎಂಬ ಹುಡುಗನ ಉಸಿರು (ಹ್ಯಾರಿಸನ್ ಗಿಲ್ಬರ್ಟ್‌ಸನ್ ಆ ಪಾತ್ರದಲ್ಲಿ ಮುಖಕ್ಕಿಂತ ಉಸಿರಿನಲ್ಲೇ ಹೆಚ್ಚು ನಟಿಸಿದ್ದಾನೆ). ಟೋಬಿ ಆಲಿವರ್‌ನ ಛಾಯಾಗ್ರಹಣವೂ ಕಿವಿಗೆ ಜಾಗ ಬಿಟ್ಟಿದೆ; ಮೋಂಬತ್ತಿಯ ಬೆಳಕು ಮುಟ್ಟಿದ್ದಷ್ಟೇ ಕಾಣುತ್ತದೆ.

ತೊಂದರೆ ಕ್ವೀನ್ಸ್‌ಲ್ಯಾಂಡಿನದು. ಉಸಿರು ಬಿಗಿಹಿಡಿದು ಕೂತಿರುವಾಗ ಚಿತ್ರ ಹಠಾತ್ತನೆ ಬಿಸಿಲಿಗೆ, ಹಸಿರಿಗೆ, ವುಡ್‌ವರ್ಡ್ ಪ್ರೀತಿಸುವ ಮಾರ್ಜರಿ ಎಂಬ ಹುಡುಗಿಯ ನಗುವಿಗೆ ಹಾರುತ್ತದೆ. ಒಂದು ಸಲವಾದರೆ ಸಹಿಸಬಹುದು; ಮತ್ತೆ ಮತ್ತೆ ಹಾರುತ್ತದೆ. ಕಾರಣ ಊಹಿಸಬಲ್ಲೆ: ಪ್ರೇಕ್ಷಕನಿಗೆ ಉಸಿರುಕಟ್ಟೀತೆಂಬ ಕಾಳಜಿ. ಆದರೆ ಉಸಿರುಕಟ್ಟುವುದೇ ಈ ಕಥೆಯ ಸತ್ಯ. ಪ್ರತಿ ಸಲ ಮೇಲೆ ಬಂದು ಗಾಳಿ ಕುಡಿದು ಹೋದವನಿಗೆ ಏಳು ತಿಂಗಳು ಕೆಳಗಿದ್ದವರ ದಿಗಿಲು ತಿಳಿಯುವುದು ಹೇಗೆ? ಮಾರ್ಜರಿಯಾಗಿ ನಟಿಸಿದ ಬೆಲ್ಲಾ ಹೀತ್‌ಕೋಟಳ ತಪ್ಪೇನೂ ಇಲ್ಲ, ಅವಳಿಗೆ ಕೊಟ್ಟದ್ದೇ ಕ್ಯಾಲೆಂಡರಿನ ಚಿತ್ರದಷ್ಟು ಪಾತ್ರ.

ಇನ್ನು ಕೊನೆ. 1917ರ ಜೂನ್ 7, ಬೆಳಗಿನ ಜಾವ 3.10. ಹಿಲ್ 60 ಸೇರಿದಂತೆ ಮೆಸೀನ್ ದಿಬ್ಬಸಾಲಿನುದ್ದಕ್ಕೂ 19 ಸುರಂಗಗಳು ಸಿಡಿದವು. ಹಿಲ್ 60ರಲ್ಲಿ ಸ್ವಿಚ್ ಹಾಕಿದವನು ವುಡ್‌ವರ್ಡ್. ಚಿತ್ರದಲ್ಲಿ ಅದೇ ಹೊತ್ತಿಗೆ ಟಿಫಿನ್ ಕೆಳಗೆ ಸಿಕ್ಕಿಬಿದ್ದಿದ್ದಾನೆ. ಎಣಿಕೆ ಸೊನ್ನೆಗೆ ಇಳಿಯುತ್ತಿದೆ, ಅಧಿಕಾರಿ ಸ್ವಿಚ್ ಹಾಕಲೇಬೇಕು. ಕೊವೆಲ್‌ನ ಮುಖ ಆಗ ಕಲ್ಲಾಗುವುದನ್ನು ಮರೆಯಲಾಗದು, ನನ್ನ ಕಣ್ಣೂ ತೇವವಾಯಿತು. ಮರುದಿನ ಮಾತ್ರ ಸಿಟ್ಟು ಬಂತು. ಇದೇ ಚಿತ್ರ ಅಲ್ಲಿಯವರೆಗೆ ಗೋಡೆಯ ಆಚೆಗಿನ ಜರ್ಮನ್ನರನ್ನೂ ತೋರಿಸಿತ್ತು. ಅವರೂ ಆಸ್ಟ್ರೇಲಿಯನ್ನರಂತೆಯೇ ಮಣ್ಣು ಮೆತ್ತಿಕೊಂಡು ಅಗೆಯುತ್ತಿದ್ದ, ಕಿವಿಯೊಡ್ಡುತ್ತಿದ್ದ ಜನ. ಅಂಥ ಚಿತ್ರ ಕೊನೆಯ ಗಳಿಗೆಯಲ್ಲಿ ನಮ್ಮ ಕಣ್ಣೀರನ್ನೆಲ್ಲ ಒಬ್ಬ ಆಸ್ಟ್ರೇಲಿಯನ್ ಹುಡುಗನ ಲೆಕ್ಕಕ್ಕೆ ಬರೆಸಿಕೊಂಡಿತು. ಆ 56 ಟನ್ ಮದ್ದು ಇಟ್ಟದ್ದು ಅವನಿಗಲ್ಲ.