‘ಅಗತ್ಯ’ವೆಂಬ ಗಣನೆ: ಅಮೆರಿಕದ ಕಾಲೇಜುಗಳ ಧನಸಹಾಯ ಪದ್ಧತಿಯ ವಿಮರ್ಶೆ

ಅಮೆರಿಕದ ಕಾಲೇಜುಗಳು ಬಡ ವಿದ್ಯಾರ್ಥಿಗಳಿಗೆ ನೀಡುವ ಧನಸಹಾಯವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ‘ಅಗತ್ಯ’ವೆಂಬುದು ವಿದ್ಯಾರ್ಥಿಯ ಮನೆಯಲ್ಲಿ ಮೊದಲೇ ಇರುವ ಸಂಗತಿಯೆಂದೂ, ಕಾಲೇಜು ಅದನ್ನು ಅಳೆಯುವುದಷ್ಟೇ ಎಂದೂ ಭಾವಿಸುತ್ತಾರೆ. ಚರಿತ್ರೆಯು ಈ ಭಾವನೆಯನ್ನು ಸಮರ್ಥಿಸುವುದಿಲ್ಲ.

೧೬೪೩ರಲ್ಲಿ ಲೇಡಿ ಮೌಲ್‌ಸನ್ ಎಂಬಾಕೆ ಬಡ ವಿದ್ಯಾರ್ಥಿಯ ಪೋಷಣೆಗೆಂದು ಹಾರ್ವರ್ಡ್ ಕಾಲೇಜಿಗೆ ನೂರು ಪೌಂಡುಗಳ ದತ್ತಿಯನ್ನಿತ್ತಳು. ಬಡತನವನ್ನು ಅಳೆಯುವ ಸೂತ್ರ ಬಂದುದು ಮೂರು ಶತಮಾನಗಳ ತರುವಾಯ. ಹಾರ್ವರ್ಡಿನ ಜಾನ್ ಮನ್ರೋ ರೂಪಿಸಿದ ಗಣನೆಯ ಜಾಡಿನಲ್ಲಿ ಕಾಲೇಜ್ ಬೋರ್ಡು ೧೯೫೪ರಲ್ಲಿ ಇದಕ್ಕೆಂದೇ ಒಂದು ಶಾಖೆಯನ್ನು ತೆರೆಯಿತು. ವ್ಯಾಸಂಗದ ಒಟ್ಟು ವೆಚ್ಚದಲ್ಲಿ ಕುಟುಂಬವು ಕೊಡಬಲ್ಲ ಹಣವನ್ನು ಕಳೆದರೆ ಉಳಿಯುವುದೇ ಅಗತ್ಯ. ಆದರೆ ‘ಕೊಡಬಲ್ಲ’ದ್ದೆಷ್ಟೆಂದು ನಿರ್ಣಯಿಸುವವರಾರು? ಸರ್ಕಾರದ ಸೂತ್ರವು ೧೯೯೨ರ ಶಾಸನದಿಂದೀಚೆಗೆ ವಾಸದ ಮನೆಯ ಬೆಲೆಯನ್ನು ಗಣಿಸುವುದಿಲ್ಲ. ಹಲವು ಖಾಸಗಿ ಕಾಲೇಜುಗಳು ಗಣಿಸುತ್ತವೆ. ಒಂದೇ ಸಂಸಾರಕ್ಕೆ ಒಂದೇ ವರ್ಷ ಎರಡು ಬಗೆಯ ಬಡತನ! ೨೦೨೪–೨೫ರ ಬದಲಾವಣೆ ಇನ್ನೂ ಸ್ಪಷ್ಟವಾದ ನಿದರ್ಶನ. ಅದುವರೆಗೆ ಸರ್ಕಾರದ ಲೆಕ್ಕದಲ್ಲಿ, ಇಬ್ಬರು ಮಕ್ಕಳು ಏಕಕಾಲಕ್ಕೆ ಕಾಲೇಜಿನಲ್ಲಿದ್ದರೆ ತಂದೆತಾಯಿಗಳ ಪಾಲು ಇಬ್ಬರಿಗೂ ಹಂಚಿಹೋಗುತ್ತಿತ್ತು, ಈಗ ಹಂಚುವುದಿಲ್ಲ. ಅಂಥ ಮನೆಯ ವರಮಾನ ಇದರಿಂದ ಒಂದು ಡಾಲರಿನಷ್ಟೂ ಏರಲಿಲ್ಲ. ಕಾಗದದ ಮೇಲಿನ ಅಗತ್ಯ ಮಾತ್ರ ಇಳಿಯಿತು.

ಬೆಲೆಯನ್ನು ಗೊತ್ತುಮಾಡುವ ಸಂಸ್ಥೆಯೇ ರಿಯಾಯಿತಿಯನ್ನೂ ಗೊತ್ತುಮಾಡುತ್ತದೆಂಬುದನ್ನು ವಾಚಕರು ಮರೆಯಬಾರದು. ಗಿರಾಕಿಯ ಕಿರ್ದಿ ಪುಸ್ತಕವನ್ನು ತರಿಸಿ ನೋಡಿದ ಮೇಲೆ ಬೆಲೆ ಹೇಳುವ ವ್ಯಾಪಾರಿ ನಮ್ಮ ಯಾವ ಸಂತೆಯಲ್ಲಿಯೂ ಸಿಕ್ಕಲಾರ. ೧೯೫೦ರ ದಶಕದ ಕೊನೆಯಿಂದ ಐವಿ ಲೀಗಿನ ಎಂಟು ವಿದ್ಯಾಸಂಸ್ಥೆಗಳೂ ಎಂ.ಐ.ಟಿ.ಯೂ ವರ್ಷಂಪ್ರತಿ ಕೂಡಿ, ತಮ್ಮೆಲ್ಲರಲ್ಲಿಯೂ ಪ್ರವೇಶ ಪಡೆದ ವಿದ್ಯಾರ್ಥಿಗಳಿಗೆ ಕೊಡಬೇಕಾದ ಸಹಾಯವನ್ನು ಸರಿಹೊಂದಿಸಿಕೊಳ್ಳುತ್ತಿದ್ದವು. ೧೯೯೧ರಲ್ಲಿ ಸರ್ಕಾರ ದಾವೆ ಹೂಡಿತು. ಐವಿ ಲೀಗು ಒಪ್ಪಂದಕ್ಕೆ ಬಂದಿತು, ಎಂ.ಐ.ಟಿ. ಮಾತ್ರ ನ್ಯಾಯಾಲಯದಲ್ಲಿ ಹೋರಾಡಿತು. ಪೈಪೋಟಿಗೆ ಬಿದ್ದರೆ ಹಣವು ಬಡವರನ್ನು ಬಿಟ್ಟು ಪ್ರತಿಭೆಯ ಹೆಸರಿನಲ್ಲಿ ಉಳ್ಳವರ ಪಾಲಾದೀತೆಂಬ ಆ ಪಕ್ಷದ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಆದರೂ ತೂಕ ಮಾಡುವವರೆಲ್ಲ ಒಂದಾದಾಗ ಕೊಳ್ಳುವವನಿಗೆ ಬೇರೆ ತಕ್ಕಡಿ ಉಳಿಯಲಿಲ್ಲವೆಂಬ ಆಕ್ಷೇಪವೇ ಈ ಲೇಖಕನಿಗೆ ಹೆಚ್ಚು ಬಲವಾದುದೆಂದು ತೋರುತ್ತದೆ. ೧೯೯೪ರಲ್ಲಿ ಕಾಂಗ್ರೆಸ್ಸು ಇಂತಹ ಸಮಾಲೋಚನೆಗೆ ಕೊಟ್ಟ ವಿನಾಯಿತಿ ೨೦೨೨ರಲ್ಲಿ ಮುಗಿಯಿತು.

ಕರ್ಣಾಟಕದಿಂದ ಹೋಗುವ ವಿದ್ಯಾರ್ಥಿಗೆ ಈ ಚರ್ಚೆಯ ಬಹುಭಾಗ ಅನ್ವಯಿಸದು. ವಿದ್ಯಾರ್ಥಿ ವೀಸಾದವರಿಗೆ ಸಂಯುಕ್ತ ಸರ್ಕಾರದ ಸಹಾಯವಿಲ್ಲ. ವಿದೇಶೀಯನ ಅಗತ್ಯವನ್ನು ನೋಡಿಯೇ ಪ್ರವೇಶವನ್ನು ತೀರ್ಮಾನಿಸುವ ಕಾಲೇಜುಗಳು ಅನೇಕ.

ಇನ್ನು ‘ಅಗತ್ಯವನ್ನು ಪೂರೈಸಿದೆವು’ ಎಂಬ ಘೋಷಣೆಯ ಮಾತು. ದಾನವೂ, ದುಡಿಮೆಯ ಕೂಲಿಯೂ, ಸಾಲವೂ ಅಲ್ಲಿ ‘ಸಹಾಯ’ವೆಂಬ ಒಂದೇ ಹೆಸರಿನಲ್ಲಿ ಕೂಡಿಕೊಳ್ಳುತ್ತವೆ. ಬಡ್ಡಿಸಹಿತ ತೀರಿಸಬೇಕಾದುದನ್ನು ಸಹಾಯವೆನ್ನುವುದು ಭಾಷೆಗೆ ಮಾಡಿದ ಅಪಚಾರ. ಪ್ರಿನ್ಸ್‌ಟನ್ ೨೦೦೧ರಲ್ಲಿ ಸಾಲವನ್ನು ತೆಗೆದು ಅದರ ಸ್ಥಾನದಲ್ಲಿ ದಾನವನ್ನಿರಿಸಿತು. ಮೂಲನಿಧಿಯುಳ್ಳ ಕೆಲವು ಸಂಸ್ಥೆಗಳು ಅದನ್ನು ಅನುಸರಿಸಿದುವು. ಶುಲ್ಕದ ಹುಟ್ಟುವಳಿಯಿಂದಲೇ ನಡೆಯುವ ಕಾಲೇಜುಗಳಿಗೆ ಆ ದಾರಿ ತೆರೆದಿರಲಿಲ್ಲ.