ನೇರಳೆ ಮರ ನೋಡುವ ಬಗೆ

ಮೊದಲು ನೆಲ ನೋಡಿ, ಆಮೇಲೆ ತಲೆ ಎತ್ತಿ. ನೇರಳೆಯ ಮಟ್ಟಿಗೆ ಫುಟ್‌ಪಾತೇ ಪಂಚಾಂಗ.

1908ರಲ್ಲಿ ಬೆಂಗಳೂರಿಗೆ ಬಂದ ತೋಟಗಾರಿಕಾ ತಜ್ಞ ಕೃಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಊರಿನ ಸಾಲುಮರಗಳನ್ನು ಆರಿಸಿದರು. ಆ ಬಣ್ಣಕ್ಕೆ ಒಗ್ಗಿದ ಕಣ್ಣು ನಮ್ಮದು. ಜಯನಗರದಲ್ಲಿ ಟಬೆಬುಯಾ ಹಳದಿ ಸುರಿದರೆ ಗಾಡಿ ನಿಲ್ಲಿಸಿ ಫೋಟೊ ತೆಗೆಯುತ್ತೇವೆ. ಪಕ್ಕದ ನೇರಳೆ ಹೂಬಿಟ್ಟು ಮುಗಿಸಿದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಹೇಳುವುದು, ಹತ್ತು ಮರ ಬೇಡ. ದಿನಾ ಹಾಲು ತರಲು ಹೋಗುವ ದಾರಿಯ ಒಂದೇ ಮರ ಹಿಡಿದುಕೊಳ್ಳಿ.

ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿ. ನೇರಳೆ ಪೂರ್ತಿ ಬೋಳಾಗಿ ನಿಲ್ಲುವ ಮರವಲ್ಲ. ಹಳೆ ಎಲೆ ಉದುರುತ್ತಿರುವಾಗಲೇ ತಿಳಿಗೆಂಪು ಚಿಗುರು ಬರುತ್ತದೆ, ಎಳೆಗೂಸಿನ ಕಿವಿಯಷ್ಟು ಮೆತ್ತಗೆ. ಬಲಿತ ಎಲೆಯೊಂದನ್ನು ಬಿಸಿಲಿಗೆ ಹಿಡಿಯಿರಿ. ಸೀರೆಗೆ ಅಂಚು ನೇಯ್ದಂತೆ ಸುತ್ತಲೂ ಒಂದು ಸಣ್ಣ ನರ ಓಡಿರುತ್ತದೆ.

ಯುಗಾದಿಯ ಆಸುಪಾಸಿನಲ್ಲಿ ಹೂವು. ಹೊಸಬರು ಕೊಂಬೆಯ ತುದಿ ನೋಡಿ ಏನೂ ಇಲ್ಲವೆಂದು ಹೋಗಿಬಿಡುತ್ತಾರೆ. ಹೂವಿರುವುದು ಹೆಚ್ಚಾಗಿ ಎಲೆಗಳ ಹಿಂದೆ, ಬರಿದಾದ ಹಳೆ ರೆಂಬೆಯ ಮೇಲೆ. ಕೊತ್ತಂಬರಿ ಬೀಜದಷ್ಟು ಮೊಗ್ಗು. ಇದರ ಎಸಳು ಬಿಚ್ಚಿಕೊಳ್ಳುವುದಿಲ್ಲ. ಎಲ್ಲ ಒಂದಕ್ಕೊಂದು ಅಂಟಿ ಟೊಪ್ಪಿಯಾಗಿ ಹಾಗೇ ಕಳಚಿ ಬೀಳುತ್ತದೆ. ಒಳಗಿಂದ ಬಿಳಿ ಕೇಸರಗಳ ಕುಚ್ಚು ಹೊರಬರುತ್ತದೆ. ಬೆಳಿಗ್ಗೆ ಕೆಳಗೆ ಸುಮ್ಮನೆ ನಿಂತರೆ ಇಡೀ ಮರ ಗುಂಯ್ ಎನ್ನುತ್ತಿರುತ್ತದೆ, ಅಷ್ಟು ಜೇನು. ಕಾಲಡಿ ತುರಿದ ಕೊಬ್ಬರಿ ಚೆಲ್ಲಿದಂತೆ ಕೇಸರದ ಉದುರು. ನನಗೆ ಇಡೀ ವರ್ಷದಲ್ಲಿ ಇದಕ್ಕಿಂತ ಇಷ್ಟದ ವಾರ ಇಲ್ಲ.

ಜೂನ್ ಹೊತ್ತಿಗೆ ಒಂದೇ ಗೊಂಚಲಲ್ಲಿ ಹಸಿರು, ಗುಲಾಬಿ, ಕಪ್ಪು ಮೂರೂ ಬಣ್ಣ. ಹಗಲು ಕೋಗಿಲೆ, ಕುಟ್ರುಹಕ್ಕಿ, ರಾತ್ರಿ ಬಾವಲಿ. ಜಯನಗರ ನಾಲ್ಕನೇ ಬ್ಲಾಕಿನ ಗಾಡಿಗಳಲ್ಲಿ ಮಾರುವ ದಪ್ಪ ಜಂಬೂನೇರಳೆ ಸಿಹಿ, ಸರಿ. ಆದರೆ ರುಚಿ ಕಲಿಯಲು ಪುಟ್ಟ ನಾಟಿ ಹಣ್ಣೇ ಬೇಕು. ಚಿಟಿಕೆ ಉಪ್ಪು ಹಚ್ಚಿ ಬಾಯಿಗೆ ಹಾಕಿಕೊಳ್ಳಿ: ಮೊದಲು ಒಗರು ನಾಲಿಗೆ ಹಿಡಿಯುತ್ತದೆ, ಹುಳಿ ಹಣಕುತ್ತದೆ, ಸಿಹಿ ತಡವಾಗಿ ಬರುತ್ತದೆ. ಅವಸರದಲ್ಲಿ ಬೀಜ ಉಗುಳಿದರೆ ಆ ಸಿಹಿ ಸಿಗುವುದಿಲ್ಲ.

ಕಾರಿನ ಮೇಲೆ ಕಲೆಯಾಗುತ್ತದೆಂದು ನಮ್ಮ ರಸ್ತೆಯ ನೇರಳೆಯನ್ನು ಕಾಯಿ ಹಣ್ಣಾಗುವ ಹೊತ್ತಿಗೇ ಕಡಿಸಿದರು. ಒಂದು ಬಕೆಟ್ ನೀರಿಗೆ ಹೋಗುವ ಕಲೆ. ಆ ಸಂಕಟ ಇನ್ನೂ ಇದೆ.

ಹಣ್ಣು ಮುಗಿಯಿತೆಂದು ನೋಡುವುದನ್ನು ಬಿಡಬೇಡಿ. ಮಳೆ ಹಿಡಿದ ಮೇಲೆ ಫುಟ್‌ಪಾತಿನ ಚಪ್ಪಡಿ ಸಂದುಗಳನ್ನು ಬಗ್ಗಿ ಹುಡುಕಿ. ನೇರಳೆಯ ಒಂದೇ ಬೀಜದಿಂದ ಎರಡು ಮೂರು ಸಸಿ ಏಳುವುದುಂಟು. ಹೋದ ಆಗಸ್ಟಿನಲ್ಲಿ, ಆ ಕಡಿದ ಮರದ ಬೊಡ್ಡೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಅಂಥದೊಂದು ಅವಳಿ ಸಿಕ್ಕಿತು, ಬೆರಳುದ್ದ, ತುದಿಯಲ್ಲಿ ಅದೇ ತಿಳಿಗೆಂಪು.