ಇಪ್ಪತ್ತೆಂಟರ ಪ್ಯಾಕೇಜು

ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಕೈಯಲ್ಲಿ ಪಠ್ಯಪುಸ್ತಕ ಅಪರೂಪ. ಅದರ ಜಾಗಕ್ಕೆ ಜೆರಾಕ್ಸ್ ಮಾಡಿ ಪಿನ್ ಹೊಡೆದ ಹಾಳೆಗಳ ಕಟ್ಟು ಬಂದಿರುತ್ತದೆ. ಮೇಷ್ಟ್ರುಗಳ ಬಾಯಲ್ಲಿ ಇದು ‘ಪಾಸಿಂಗ್ ಪ್ಯಾಕೇಜ್’. ಖಚಿತವಾಗಿ ಬರುವ ಪ್ರಶ್ನೆಗಳು, ಅವಕ್ಕೆ ಸಿದ್ಧ ಉತ್ತರ, ನಾಲ್ಕಾರು ಚಿತ್ರ, ಭಾರತದ ನಕಾಶೆ, ಥೇಲ್ಸ್ ಪ್ರಮೇಯ, ಒಂದು ರಜಾ ಅರ್ಜಿ. ಈ ಕಟ್ಟಿನ ಲೆಕ್ಕಾಚಾರ ಸರಳವಾದದ್ದು. ಒಟ್ಟು 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದ್ದು, ಅದು ಶಾಲೆಯ ಕೈಯಲ್ಲೇ ಇದೆ. ಉಳಿದ 500ಕ್ಕೆ ಮಗು ಕೂತು ಬರೆಯಬೇಕು. 80 ಅಂಕದ ಪತ್ರಿಕೆಯಲ್ಲಿ ದಾಟಬೇಕಾದ ಗೆರೆ ಬಹುಕಾಲ 28 ಆಗಿತ್ತು. ಪ್ಯಾಕೇಜು ಹುಟ್ಟಿದ್ದೇ ಆ ಇಪ್ಪತ್ತೆಂಟಕ್ಕಾಗಿ. ಅಷ್ಟರ ಮಟ್ಟಿಗೆ ಅದು ಪ್ರಾಮಾಣಿಕ ಸಾಧನ, ಅದನ್ನು ಹೀಗಳೆಯುವುದು ಸುಲಭದ ವಿಮರ್ಶೆ. ನನ್ನ ತಕರಾರು ಬೇರೆ. ಇಪ್ಪತ್ತೆಂಟು ಗಳಿಸಲು ಕಟ್ಟಿದ್ದನ್ನೇ ಸ್ವಲ್ಪ ದಪ್ಪಗೊಳಿಸಿ ‘ಸ್ಕೋರಿಂಗ್ ಪ್ಯಾಕೇಜ್’ ಎಂದು ಐವತ್ತು, ಅರವತ್ತರ ಮಕ್ಕಳಿಗೂ ಕೊಡುತ್ತಿದ್ದೇವೆ. ಹೆಚ್ಚಿನ ಅಂಕ ಆ ದಾರಿಯಲ್ಲಿ ಸಿಗುವುದಿಲ್ಲ.

ದಕ್ಷಿಣ ಕನ್ನಡದವರಿಗೆ ಈ ಮಾತು ರುಚಿಸದು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದು ವೆಬ್‌ಕಾಸ್ಟಿಂಗ್ ಶುರುವಾದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಧಾರಾಳವಾಗಿ ಏರಿಸಿದ ಮೇಲೆ. ಆ ವರ್ಷವೂ ನಮ್ಮ ಜಿಲ್ಲೆ ಶೇಕಡಾ 92.12 ಪಡೆದು ಉಡುಪಿಯ ಬೆನ್ನಿಗೇ ನಿಂತಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಹೋಯಿತು, ರಾಜ್ಯ 66.14ಕ್ಕೆ ಕುಸಿಯಿತು, ಜಿಲ್ಲೆ 91.12ರೊಂದಿಗೆ ಮೊದಲ ಸ್ಥಾನಕ್ಕೇರಿತು. ಕ್ಯಾಮೆರಾ ಇದ್ದರೂ ಇಲ್ಲದಿದ್ದರೂ ಇಲ್ಲಿನ ಮಕ್ಕಳು ಬರೆಯುವುದು ತಮ್ಮ ತಲೆಯಿಂದಲೇ ಎಂಬುದಕ್ಕೆ ಇದು ಸಾಕ್ಷಿ, ಹೆಮ್ಮೆ ಸಲ್ಲಲಿ. ಆದರೆ ಶೇಕಡಾವಾರು ಫಲಿತಾಂಶ ಎಷ್ಟು ಮಂದಿ ಗೆರೆ ದಾಟಿದರು ಎನ್ನುತ್ತದೆಯೇ ಹೊರತು ದಾಟಿದವರು ಎಲ್ಲಿಗೆ ಮುಟ್ಟಿದರು ಎನ್ನುವುದಿಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಚ್ಚುವ ಚಟವನ್ನು ಈ ಜಿಲ್ಲೆಯ ಮಿಜಾರಿನವರು ಹಿಂದೆಯೂ ಕಂಡಿದ್ದಾರೆ. 2020ರ ಐಕಳ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರ್ ಕೆಸರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ, ಅದನ್ನು ನೂರು ಮೀಟರಿಗೆ 9.55 ಎಂದು ಭಾಗಿಸಿ ಓಟಗಾರ ಉಸೇನ್ ಬೋಲ್ಟ್‌ನ 9.58ರ ಪಕ್ಕದಲ್ಲಿಟ್ಟು ಕುಣಿದವರು ಊರ ಹೊರಗಿನವರು. ಕಂಬಳದ ಓಟ ಹಿಮ್ಮಡಿಯದು, ಟ್ರ್ಯಾಕಿನ ಓಟ ಕಾಲ್ಬೆರಳಿನದು ಎಂದು ತಿಳಿಹೇಳಿದವರು ಗೌಡರೇ.

ಅಂಕ ಎಲ್ಲಿ ಸೋರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯವನ್ನೇ ತೆಗೆದುಕೊಳ್ಳಿ. ಚಿತ್ರ, ದತ್ತ, ಸಾಧನೀಯ, ರಚನೆ, ಸಾಧನೆ: ಮೌಲ್ಯಮಾಪಕ ಹಂತಹಂತವಾಗಿ ಅಂಕ ಕೊಡುತ್ತಾನೆ. ಬಾಯಿಪಾಠ ಮಾಡಿದ ಮಗು ಮೊದಲ ಹಂತಗಳನ್ನು ಚೊಕ್ಕವಾಗಿ ಬರೆದು, ತ್ರಿಜ್ಯ ಸ್ಪರ್ಶಕಕ್ಕೆ ಲಂಬ ಎಂಬ ಕಾರಣವನ್ನು ಹೇಳದೆಯೇ ಎರಡು ತ್ರಿಭುಜಗಳು ಸರ್ವಸಮ ಎಂದು ಹಾರಿಬಿಡುತ್ತದೆ. ಅದೇ ಗುಣವನ್ನು ಬಳಸಿ ಬಿಡಿಸುವ ಲೆಕ್ಕ ಮುಂದಿನ ಪುಟದಲ್ಲಿ ಬಂದಿದ್ದರೆ ಅದೂ ಹೋಯಿತು. ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಣೆ ಇನ್ನೂ ತಮಾಷೆ. ಗಾದೆ ಯಾವುದೇ ಇರಲಿ, ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬಲ್ಲಿಂದಲೇ ಆರಂಭ. ಬಳಿಕ ಗಾದೆಯನ್ನೇ ತಿರುವಿ ಮುರುವಿ ಬರೆದು ಮುಕ್ತಾಯ. ನಡುವೆ ಇರಬೇಕಾಗಿದ್ದ ಮಗುವಿನದೇ ಉದಾಹರಣೆ ಮಾತ್ರ ಇಲ್ಲ.

ಇದರ ಹಿಂದೆ ಈ ಸೀಮೆಯದೇ ಒಂದು ಕಾರಣವಿದೆ. ಮಿಜಾರಿನಿಂದ ಬಂಟ್ವಾಳ, ಬೆಳ್ತಂಗಡಿಯವರೆಗೆ ಹೆಚ್ಚಿನ ಮನೆಗಳ ಮಾತು ತುಳು. ಕೊಂಕಣಿ, ಬ್ಯಾರಿ ಮಾತಾಡುವ ಮನೆಗಳೂ ಇವೆ. ಕನ್ನಡ ಮಾಧ್ಯಮ ಎಂದರೂ ಕನ್ನಡ ಇಲ್ಲಿ ಶಾಲೆಯ ಭಾಷೆ. ಗಾಳಿಗಿಟ್ಟ ಬೆಳ್ಳಿ ಯಾಕೆ ಕಪ್ಪಾಗುತ್ತದೆ ಎಂದರೆ ಗೆಳೆಯನಿಗೆ ತುಳುವಿನಲ್ಲಿ ತಡವರಿಸದೆ ಹೇಳಬಲ್ಲ ಹುಡುಗ, ಗಾಳಿಯಲ್ಲಿರುವ ಗಂಧಕದ ಸಂಯುಕ್ತದೊಡನೆ ವರ್ತಿಸಿ ಸಿಲ್ವರ್ ಸಲ್ಫೈಡ್ ಆಗುತ್ತದೆ ಎಂಬ ವಾಕ್ಯವನ್ನು ಕಾಗದದ ಮೇಲೆ ಕಟ್ಟಲಾರ. ಪ್ಯಾಕೇಜು ಅವನಿಗೆ ಕಟ್ಟಿಟ್ಟ ವಾಕ್ಯ ಕೊಡುತ್ತದೆ. ಕಟ್ಟುವ ಅಭ್ಯಾಸ ಮಾತ್ರ ಆಗದೇ ಉಳಿಯುತ್ತದೆ. ಗೊತ್ತಿದ್ದೂ ಬರೆಯಲಾಗದೆ ಹೋಗುವ ಈ ಅಂಕಗಳೇ ಐವತ್ತನ್ನು ಅರವತ್ತೈದಾಗಿಸಬಲ್ಲವು. ಅವು ಬರುವುದು ಮಗು ತಾನೇ ಬರೆದು, ಯಾರೋ ತಿದ್ದಿ, ಮತ್ತೆ ಬರೆದಾಗ. ಅದಕ್ಕೆ ನಮ್ಮಲ್ಲಿರುವ ಏರ್ಪಾಡು ಪೂರ್ವಸಿದ್ಧತಾ ಪರೀಕ್ಷೆ. ಆದರೆ ಅದನ್ನು ಭಯ ಬಿಡಿಸುವ ರಿಹರ್ಸಲ್ ಎಂದೇ ನಡೆಸುತ್ತೇವೆ. ತಿದ್ದಿದ ಉತ್ತರ ಪತ್ರಿಕೆ ಮಗುವಿನ ಕೈಗೆ ಬಂದು, ಮೇಲಿನ ಅಂಕವನ್ನಷ್ಟೇ ನೋಡಿಸಿಕೊಂಡು, ಪೋಷಕರ ಸಹಿಯೊಂದಿಗೆ ಕಪಾಟು ಸೇರುತ್ತದೆ. ಅಷ್ಟರಲ್ಲಿ ಮುಂದಿನ ಪರೀಕ್ಷೆಯ ವೇಳಾಪಟ್ಟಿ ಬಂದಿರುತ್ತದೆ.

ಪ್ಯಾಕೇಜಿಲ್ಲದೆ ಬೀಡಿ ಕಟ್ಟುವ ಮನೆಯ, ತೋಟದ ಕೆಲಸದ ನಡುವೆ ಓದುವ ಮಗು ಏನು ಮಾಡಬೇಕು ಎಂದು ಕೇಳುವವರಿದ್ದಾರೆ. ಮಾರ್ಚ್ ಎಂದರೆ ಈ ಕಡೆ ನೇಮ, ಜಾತ್ರೆ, ಯಕ್ಷಗಾನ ಎಲ್ಲ ಒಟ್ಟಿಗೆ ಬರುವ ಕಾಲ, ಓದಲು ಸಿಗುವ ರಾತ್ರಿಗಳೂ ಕಡಿಮೆ. ಒಪ್ಪೋಣ, ಅಂಥ ಮಗುವಿಗೆ ಪ್ಯಾಕೇಜು ಇರಲೇಬೇಕು. ಆದರೆ ಹೊರಗೆ ಟ್ಯೂಷನ್ ಇಲ್ಲದ ಆ ಮಗುವಿನ ಬರಹವನ್ನು ತಿದ್ದುವ ಕೆಂಪು ಶಾಯಿ ಶಾಲೆಯಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ. ಪಾಸಾದರೆ ಸಾಲದೇ ಎನ್ನುವವರು ಪಿಯುಸಿ ವಿಜ್ಞಾನಕ್ಕೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳ ಮೊದಲ ಆರು ತಿಂಗಳನ್ನು ನೋಡಲಿ.

ಗಟ್ಟಿಯಾದ ಆಕ್ಷೇಪ ಶಿಕ್ಷಕರದು. ನಲವತ್ತು ಮಕ್ಕಳ ಪತ್ರಿಕೆ, ನಡುವೆ ಬಿಸಿಯೂಟದ ಲೆಕ್ಕ, ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಚುನಾವಣೆಯ ಕೆಲಸ; ಸಾಲುಸಾಲು ತಿದ್ದಲು ಪುರುಸೊತ್ತೆಲ್ಲಿ? ಇದಕ್ಕೆ ಉತ್ತರ ಇನ್ನಷ್ಟು ವಿಶೇಷ ತರಗತಿಯಲ್ಲ, ಇನ್ನೊಂದು ಸುತ್ತೋಲೆಯಂತೂ ಖಂಡಿತ ಅಲ್ಲ. ಪೂರ್ವಸಿದ್ಧತಾ ಪರೀಕ್ಷೆಯನ್ನು ಒಂದು ಕಡಿಮೆ ಮಾಡಿ, ಆ ವಾರದ ಅವಧಿಗಳನ್ನು ಹಿಂದಿನ ಪತ್ರಿಕೆಗೇ ಕೊಡಬಹುದು. ಪ್ರತಿ ವಿಷಯದಲ್ಲಿ ಎರಡು ದೀರ್ಘ ಉತ್ತರ ಮಾತ್ರ. ಮಾದರಿ ಉತ್ತರದ ಹಂತ ಅಂಕಗಳನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳೇ ಪರಸ್ಪರ ಪತ್ರಿಕೆ ಬದಲಿಸಿ ಗುರುತು ಹಾಕುತ್ತಾರೆ, ಮೇಷ್ಟ್ರು ವಾಕ್ಯ ಕಟ್ಟಲು ತಡಕಾಡುವ ಹತ್ತು ಮಂದಿಯ ಪಕ್ಕ ಕೂರಬಹುದು. ಅಲ್ಲಿ ಮೊದಲು ತುಳುವಿನಲ್ಲೇ ಹೇಳಿಸಿ, ಆಮೇಲೆ ಕನ್ನಡದಲ್ಲಿ ಬರೆಸಲಿ.